ಶುಕ್ರನಿಗೆ ಹುಟ್ಟಿಸಿದ ಚಂದ್ರ

ಶುಕ್ರನಿಗೆ ಚಂದ್ರನಿಲ್ಲ. ಆದರೂ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಆ ಇಲ್ಲದ ಚಂದ್ರನ ಗಾತ್ರ, ದೂರ, ಸುತ್ತುವ ಕಾಲ ಎಲ್ಲವನ್ನೂ ಪಂಡಿತರು ಅಳೆದು ಬರೆದಿಟ್ಟರು.

1645ರಲ್ಲಿ ನೇಪಲ್ಸ್‌ನ ಫ್ರಾನ್ಸೆಸ್ಕೊ ಫೊಂಟಾನಾ ಮೊದಲು ಕಂಡೆನೆಂದ. ಆದರೆ ಸುದ್ದಿಗೆ ತೂಕ ಬಂದದ್ದು ಪ್ಯಾರಿಸ್‌ನ ಖಗೋಳಜ್ಞ ಕ್ಯಾಸಿನಿಯಿಂದ. ಶನಿಯ ಚಂದ್ರರನ್ನು ಪತ್ತೆ ಮಾಡಿದ ಕಣ್ಣು ಅದು, ಯಾರು ಅಲ್ಲಗಳೆಯಬೇಕು? 1672ರ ಜನವರಿಯಲ್ಲಿ ಒಮ್ಮೆ, 1686ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಅವನಿಗದು ಕಂಡಿತು. ವಿಜಯಪುರದ ನಮಗೆ ಈ ಎರಡೂ ಇಸವಿಗಳು ಬೇರೆ ಕಾರಣಕ್ಕೆ ಗೊತ್ತು. 1672ರಲ್ಲಿ ಸಿಕಂದರ್ ಆದಿಲ್‌ಶಾಹ ಪಟ್ಟಕ್ಕೆ ಬಂದ. 1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬನಿಗೆ ಊರು ಒಪ್ಪಿಸಿದ. ಕ್ಯಾಸಿನಿ ಎರಡನೇ ಸಲ ನೋಡಿದ್ದು ನಸುಕಿನಲ್ಲಿ. ಮೋಡವಿರದಿದ್ದರೆ, ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ ಮೊಘಲ್ ದಂಡಿಗೂ ಮೂಡಲದಲ್ಲಿ ಅದೇ ಬೆಳ್ಳಿಚುಕ್ಕಿ ಕಂಡಿರಬೇಕು.

ಕ್ಯಾಸಿನಿಯ ಲೆಕ್ಕದಲ್ಲಿ ಅದರ ಅಡ್ಡಗಲ ಶುಕ್ರನ ಕಾಲುಭಾಗ. ಶುಕ್ರ ಕುಡುಗೋಲಿನಂತೆ ಬಾಗಿದ್ದಾಗ ಅದೂ ಹಾಗೇ ಬಾಗಿತ್ತು. 1740ರಲ್ಲಿ ದುರ್ಬೀನು ತಯಾರಿಸುವುದರಲ್ಲೇ ಹೆಸರಾದ ಜೇಮ್ಸ್ ಶಾರ್ಟ್, ಗಾತ್ರ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಎಂದ. ಆಮೇಲೆ ಗಣಿತಜ್ಞ ಲ್ಯಾಂಬರ್ಟ್ ಕಕ್ಷೆಯನ್ನೇ ಹಾಕಿಕೊಟ್ಟ: ಶುಕ್ರನ ತ್ರಿಜ್ಯದ ಸುಮಾರು 66 ಪಟ್ಟು ದೂರ, ಸುತ್ತಲು 11 ದಿನ ಚಿಲ್ಲರೆ.

ಎಡವಟ್ಟು ಇಲ್ಲೇ ಇದೆ. ಆ ದೂರ ಹೆಚ್ಚುಕಡಿಮೆ ನಾಲ್ಕು ಲಕ್ಷ ಕಿಲೋಮೀಟರ್. ಅಷ್ಟೇ ದೂರದ ನಮ್ಮ ಚಂದ್ರನಿಗೆ ಒಂದು ಸುತ್ತಿಗೆ 27 ದಿನ ಬೇಕು. ಭೂಮಿಗಿಂತ ಹಗುರಾದ ಶುಕ್ರನ ಸುತ್ತ 11 ದಿನದಲ್ಲಿ ಓಡಬೇಕಾದರೆ ಶುಕ್ರ ಈಗಿರುವುದಕ್ಕಿಂತ ಎಂಟು ಪಟ್ಟು ಭಾರವಿರಬೇಕಿತ್ತು!

1766ರಲ್ಲಿ ವಿಯೆನ್ನಾದ ಮ್ಯಾಕ್ಸಿಮಿಲಿಯನ್ ಹೆಲ್ ಬೇರೆಯೇ ಮಾತು ಹೇಳಿದ್ದ: ಪ್ರಖರ ಶುಕ್ರನ ಬೆಳಕು ನೋಡುವವನ ಕಣ್ಣಿಗೆ ಬಡಿದು, ಮರಳಿ ಮಸೂರಕ್ಕೆ ತಾಗಿ, ಇನ್ನೊಂದು ಸಣ್ಣ ಶುಕ್ರನನ್ನು ತೋರಿಸುತ್ತದೆ. ಅಗ್ಗದ ದುರ್ಬೀನನ್ನು ಮಾಳಿಗೆ ಮೇಲಿಟ್ಟು ಶುಕ್ರನತ್ತ ತಿರುಗಿಸಿದರೆ ಇಲ್ಲಿನ ಹುಡುಗರೂ “ಸರ, ಶುಕ್ರಗ ಚಂದ್ರ ಐತ್ರಿ!” ಅನ್ನಬಹುದು. ಕಣ್ಣನ್ನು ತುಸು ಸರಿಸಿ ನೋಡಿ, ಆ ಮಸುಕು ಚುಕ್ಕಿಯೂ ಸರಿಯುತ್ತದೆ. ನಿಜದ ಚಂದ್ರನೋ ನಕ್ಷತ್ರವೋ ಆಗಿದ್ದರೆ ಶುಕ್ರನ ಪಕ್ಕದಲ್ಲಿ ತನ್ನ ಜಾಗ ಬಿಡುವುದಿಲ್ಲ. ಶುಕ್ರನಂತೆಯೇ ಬಾಗಿದ್ದುದನ್ನು ಕ್ಯಾಸಿನಿ ಚಂದ್ರನ ಲಕ್ಷಣ ಎಂದುಕೊಂಡ. ಪ್ರತಿಬಿಂಬವೂ ಹಾಗೆಯೇ ಕಾಣಬೇಕಲ್ಲ!

ಹೆಲ್‌ನ ಮಾತಿಗೂ ಚರ್ಚೆ ನಿಲ್ಲಲಿಲ್ಲ. 1884ರಲ್ಲಿ ಬೆಲ್ಜಿಯಂನ ಊಜೊ, ಇದು ಚಂದ್ರನಲ್ಲ, 283 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುವ ಗ್ರಹ ಎಂದು ‘ನೀತ್’ ಎಂಬ ಹೆಸರನ್ನೂ ಇಟ್ಟ. ಮೂರೇ ವರ್ಷಕ್ಕೆ ಅದೇ ದೇಶದ ಸ್ಟ್ರೂಬಾಂಟ್ ಹಳೆಯ ವರದಿಗಳನ್ನೆಲ್ಲ ನಕ್ಷತ್ರಪಟದ ಜೊತೆ ತಾಳೆ ನೋಡಿದ. ಹಲವು ‘ಚಂದ್ರ’ಗಳು ಶುಕ್ರನ ಹಿಂದಿದ್ದ ಮಾಮೂಲಿ ನಕ್ಷತ್ರಗಳಾಗಿದ್ದವು.

2002ರಲ್ಲಿ ಸಿಕ್ಕ ಕ್ಷುದ್ರಗ್ರಹ ಝೂಜ್ವೆಯನ್ನು ಈಗ ಶುಕ್ರನ ‘ಅರೆಚಂದ್ರ’ (ಕ್ವಾಸಿ-ಮೂನ್, ಚಂದ್ರನಂತೆ ತೋರುವ ಕಾಯ) ಎನ್ನುತ್ತಾರೆ. ಅದು ಸುತ್ತುವುದೂ ಸೂರ್ಯನನ್ನೇ.