ಹಂದಿಗೂ ಒಂದಕ್ಕೂ ಎಂತ ಸಂಬಂಧ?

ಮೊನ್ನೆ ಬೆಳಿಗ್ಗೆ ತೋಟಕ್ಕೆ ಹೋಗಿ ನೋಡುವಾಗ ಮರಗೆಣಸಿನ ಬುಡ ಎಲ್ಲ ಅಗೆದು ಹಾಕಿ ಆಗಿತ್ತು, ಅರ್ಧ ಕರುಂಬಿದ ಗೆಣಸು ಬಿಳಿ ಬಿಳಿ ಕಾಣ್ತಾ ಮಣ್ಣಲ್ಲಿ ಬಿದ್ದಿತ್ತು. ಅಮ್ಮ "ಹಂದಿ ಬಂದದ್ದು" ಅಂದ್ರು, ಅಡಿಕೆ ಸುಲಿಯಲಿಕ್ಕೆ ಬಂದ ಅಣ್ಣ ಬಗ್ಗಿ ನೋಡಿ "ಪಂಜಿದ ಬೇಲೆ" ಅಂತ ತುಳುವಿನಲ್ಲಿ ತೀರ್ಪು ಕೊಟ್ರು, ಬೇಲಿ ಆಚೆಯಿಂದ ಪಕ್ಕದ ಮನೆ ಚೇಚಿ "ಪನ್ನಿಯಾಣೋ?" ಅಂತ ಮಲಯಾಳದಲ್ಲಿ ಕೇಳಿದ್ರು. ಕಾಸರಗೋಡಲ್ಲಿ ಹೀಗೇ ಮಾರಾಯ್ರೆ, ಪ್ರಾಣಿ ಒಂದೇ, ಬೈಯುವ ಬಾಯಿ ಮೂರು.

ಆದ್ರೆ ಹಂದಿ, ಪಂಜಿ, ಪನ್ನಿ ಬೇರೆ ಬೇರೆ ಶಬ್ದ ಅಲ್ಲ, ಮೂರೂ ಒಂದೇ ಬೇರಿಂದ ಬಂದದ್ದು. ನಂಬಿಕೆ ಬರದಿದ್ರೆ ಒಂದು, ಎರಡು ಎಣಿಸಲಿಕ್ಕೆ ಶುರು ಮಾಡಿ, ಎರಡರ ತನಕ ಹೋಗುವುದೂ ಬೇಡ. ನಮ್ಮ ಒಂದು ತುಳುವಿನಲ್ಲಿ ಒಂಜಿ, ಮಲಯಾಳದಲ್ಲಿ ಒನ್ನ್, ತಮಿಳಲ್ಲಿ ಒನ್ರು. ಈಗ ಹಂದಿ, ಪಂಜಿ, ಪನ್ನಿ, ತಮಿಳಿನ ಪನ್ರಿ ಹೇಳಿ ನೋಡಿ, ತಾಳ ಸರಿ ಕೂತ್ಕೊಳ್ತದೆ. ನಾವು 'ಕೊಂದು' ಅನ್ನುವ ಕಡೆ ಮಲಯಾಳದವರು 'ಕೊನ್ನು' ಅಂತಾರೆ, ಅದೂ ಇದೇ ಲೆಕ್ಕ. ಕಂಠಪಾಠ ಮಾಡಬೇಕಾಗಿಲ್ಲ, ದಿನಾ ಬಸ್ಸಲ್ಲಿ ಕಿವಿಗೆ ಬೀಳುವುದೇ.

ಇನ್ನು ಆ 'ಹ'. ಅದು ನಮ್ಮದೇ ಕಾರುಬಾರು. ಹಳಗನ್ನಡದಲ್ಲಿ ಇದು ಪಂದಿ, ಸುಮಾರು 10ನೇ ಶತಮಾನದಿಂದ ಕನ್ನಡದ ಪಕಾರ ಒಂದೊಂದಾಗಿ ಹಕಾರ ಆಗ್ತಾ ಬಂದು ಪಾಲು ಹಾಲಾಯ್ತು, ಪೂ ಹೂವಾಯ್ತು, ಪುಲಿ ಹುಲಿಯಾಯ್ತು, ಅದರ ಒಟ್ಟಿಗೆ ಪಂದಿಯೂ ಹಂದಿ ಆಯ್ತು. (ಮಲಯಾಳದ ಪುಲಿ ಅಂದ್ರೆ ಚಿರತೆ, ಪೇಪರ್ ಓದುವಾಗ ಗಾಬರಿ ಆಗ್ಬೇಡಿ.) ಕೊಡಗಿನವರು ಪಂದಿ ಕರಿ ಅಂತಲೇ ಹೇಳ್ತಾರೆ, ತೆಲುಗಲ್ಲೂ ಪಂದಿಯೇ. ತುಳುನಾಡಿನ ಪಂಜುರ್ಲಿ ದೈವದ ಹೆಸರಲ್ಲೂ ಅದೇ ಪಂಜಿ ಕೂತಿದೆ.

ಸಂಸ್ಕೃತದ ಸೂಕರ, ವರಾಹ ಬೇರೆಯೇ ಕುಟುಂಬ. ಸೂಕರದ 'ಸೂ'ಗೂ ಇಂಗ್ಲಿಷಿನ ಸ್ವೈನ್‌ಗೂ ನಂಟು ಉಂಟು, ಹಿಂದಿಯ ಸೂವರ್ ಅದರದ್ದೇ ಮಗು. ನಮ್ಮಲ್ಲಿ ಮಾತ್ರ ತಮಾಷೆ ನೋಡಿ, ಹಂದಿ ಅಂದ್ರೆ ಬೈಗುಳ, ವರಾಹ ಅಂದ್ರೆ ದೇವರು, ಚಾಲುಕ್ಯರ ಲಾಂಛನ, ಅದೇ ಸ್ವಲ್ಪ ಸವೆದು ವರಹ ಆದ್ರೆ ಚಿನ್ನದ ನಾಣ್ಯ.

ಈ ಶಬ್ದ ಹಂದಿ ಅಲ್ಲದ್ದಕ್ಕೂ ಅಂಟಿಕೊಂಡಿದೆ. ತೆಲುಗಿನವರು ಹೆಗ್ಗಣಕ್ಕೆ ಪಂದಿಕೊಕ್ಕು ಅಂತಾರೆ, ಹಂದಿಯಂಥ ಇಲಿ ಅಂತ ಅರ್ಥ, ಅದನ್ನು ಕೇಳಿದ ಇಂಗ್ಲಿಷರ ಬಾಯಲ್ಲಿ ಅದು ಬ್ಯಾಂಡಿಕೂಟ್ ಆಯ್ತು, ಆಮೇಲೆ ಆಸ್ಟ್ರೇಲಿಯಾದ ಎಂತದೋ ಚೀಲದ ಪ್ರಾಣಿಗೂ ಅದೇ ಹೆಸರು ಬಿತ್ತು! ಮುಳ್ಳುಹಂದಿಯೂ ಹಾಗೇ, ಮಲಯಾಳದಲ್ಲಿ ಮುಳ್ಳನ್ ಪನ್ನಿ, ಆದ್ರೆ ಅದು ಇಲಿ ಅಳಿಲುಗಳ ಜಾತಿಯದ್ದು, ಹಂದಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇದೆಲ್ಲ ಬರೆದು ಮುಗಿಸಿ ಸಂಜೆ ಗೆಣಸಿನ ಸಾಲಿಗೆ ಮಣ್ಣು ಎಳೆಯಲಿಕ್ಕೆ ಹೋದೆ. ಬುಡದಲ್ಲಿ ಒಂದು ಕಪ್ಪು ಬಿಳಿ ಪಟ್ಟೆಯ ಮುಳ್ಳು ಸಿಕ್ಕಿತು, ಗೇಣುದ್ದ. ಮೂರು ಭಾಷೆಯಲ್ಲಿ ಬೈಸಿಕೊಂಡ ಹಂದಿ ಆ ರಾತ್ರಿ ನಮ್ಮ ತೋಟಕ್ಕೆ ಬಂದೇ ಇರಲಿಲ್ಲವೋ ಏನೋ.