ಹಾಲಿಡೇ ಟಿಪ್: ಅಂಚೆಯವರಿಗೆ ಕೊಡುವ ಹಬ್ಬದ ಇನಾಮು

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ. ಡಿಸೆಂಬರ್‌ನಲ್ಲಿ ಒಂದು ದಿನ ಪಕ್ಕದ ಮನೆಯವರು ಕೇಳಿದರು, ‘ಮೇಲ್ ತರುವವರಿಗೆ ಹಾಲಿಡೇ ಟಿಪ್ ಕೊಟ್ರಾ?’ ನನಗೆ ಆ ಮಾತೇ ಹೊಸದು. ಟಿಪ್ ಅಂದರೆ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಇಡುವ ದುಡ್ಡು ಅಂತಷ್ಟೇ ಗೊತ್ತಿತ್ತು. ಸರಿ, ಒಂದು ಗ್ರೀಟಿಂಗ್ ಕಾರ್ಡ್ ತಂದೆ. ಅದರೊಳಗೆ ಇಪ್ಪತ್ತು ಡಾಲರಿನ ಎರಡು ನೋಟು ಇಟ್ಟೆ. ಮರುದಿನ ಮಧ್ಯಾಹ್ನ ಅಂಚೆ ಗಾಡಿ ನಿಂತ ಕೂಡಲೇ ಓಡಿಹೋಗಿ ಕೊಟ್ಟೆ.

ಗಾಡಿಯಲ್ಲಿದ್ದವರು ಐವತ್ತು ದಾಟಿದ ಹೆಂಗಸು. ಕೈಗೆ ಉಣ್ಣೆಯ ಗವುಸು ಹಾಕಿದ್ದರು. ಬಲಗೈ ಗವುಸಿನ ಎರಡು ಬೆರಳಿನ ತುದಿ ಕತ್ತರಿಸಿತ್ತು. ಕಾಗದ ಬಿಡಿಸಿ ಬಿಡಿಸಿ ನೋಡಲು ಬರಿ ಬೆರಳೇ ಬೇಕಲ್ಲ. ಆ ಎರಡು ಬೆರಳು ಚಳಿಗೆ ಕೆಂಪಗಾಗಿದ್ದವು. ಅವರು ಲಕೋಟೆ ತೆರೆದರು. ನೋಟು ತೆಗೆದು ನನ್ನ ಕೈಗೇ ವಾಪಸ್ ಇಟ್ಟರು. ಕಾರ್ಡನ್ನು ಮಾತ್ರ ಕೋಟಿನ ಒಳಜೇಬಿಗೆ ಹಾಕಿಕೊಂಡರು. ‘ದುಡ್ಡು ತಗೊಳ್ಳುವ ಹಾಗಿಲ್ಲ. ಕಾರ್ಡ್ ನನ್ನದು’ ಅಂದು ನಕ್ಕು, ಮುಂದಿನ ಮನೆಗೆ ಹೋದರು.

ಅವತ್ತಿನಿಂದ ಈ ಪದ ನನ್ನ ಬೆನ್ನು ಹತ್ತಿದೆ. ಹೆಸರಿನಲ್ಲೇ ಟಿಪ್ ಇದೆ. ಆದರೆ ದುಡ್ಡು ಕೊಡುವ ಹಾಗಿಲ್ಲ. ಹಾಗಾದರೆ ಇದು ಏನು?

ಮೊದಲು ‘ಹಾಲಿಡೇ’ ನೋಡೋಣ. ಇಲ್ಲಿ ಅದಕ್ಕೆ ರಜೆ ಅನ್ನೋ ಅರ್ಥ ಅಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗಿನ ಹಬ್ಬದ ಕಾಲಕ್ಕೆಲ್ಲ ಅಮೆರಿಕದವರು ‘ಹಾಲಿಡೇಸ್’ ಎನ್ನುತ್ತಾರೆ. ಕ್ರಿಸ್ಮಸ್, ಯಹೂದಿಗಳ ಹನುಕ್ಕಾ, ಕರಿಯ ಅಮೆರಿಕನ್ನರ ಕ್ವಾಂಝಾ ಎಲ್ಲವೂ ಇದರೊಳಗೆ ಬರುತ್ತವೆ. ಈ ಕಾಲದಲ್ಲಿ, ವರ್ಷವಿಡೀ ನಮ್ಮ ಮನೆಗಾಗಿ ದುಡಿದವರಿಗೆ ಒಟ್ಟಿಗೆ ಒಂದು ಸಲ ಕೊಡುವುದೇ ಹಾಲಿಡೇ ಟಿಪ್. ಅಪಾರ್ಟ್‌ಮೆಂಟಿನ ಬಾಗಿಲು ಕಾಯುವವರು, ಕಸ ಒಯ್ಯುವವರು, ಪೇಪರ್ ಹಾಕುವವರು, ಮಗು ನೋಡಿಕೊಳ್ಳುವವರು, ಕೂದಲು ಕತ್ತರಿಸುವವರು, ಹೀಗೆ. ಹೋಟೆಲಿನ ಟಿಪ್ ಆ ಹೊತ್ತಿನ ಊಟಕ್ಕೆ. ಇದು ಮುನ್ನೂರ ಅರವತ್ತೈದು ದಿನಕ್ಕೆ.

ಇನ್ನು ‘ಟಿಪ್’. ಅದು ‘ಟು ಇನ್‌ಶೂರ್ ಪ್ರಾಂಪ್ಟ್‌ನೆಸ್’ ಎಂಬುದರ ಮೊದಲ ಅಕ್ಷರಗಳು ಅಂತ ತುಂಬಾ ಜನ ಹೇಳುತ್ತಾರೆ. ಬೇಗ ಕೆಲಸ ಆಗಲಿ ಅಂತ ಕೊಡುವ ದುಡ್ಡು ಎಂಬ ಅರ್ಥ. ಅದು ಆಮೇಲೆ ಹೊಸೆದ ಕಥೆ. 17ನೇ ಶತಮಾನದ ಇಂಗ್ಲೆಂಡಿನ ಕಳ್ಳರ, ಪೋಲಿಗಳ ಗುಟ್ಟಿನ ಭಾಷೆಯಲ್ಲಿ ‘ಟಿಪ್’ ಅಂದರೆ ಕೊಡು, ದಾಟಿಸು ಅಂತ ಇತ್ತು. ಅಲ್ಲಿಂದ ಬಂದದ್ದು. ಈ ಸುಳ್ಳು ಕಥೆಯನ್ನು ಯಾಕೆ ತಳ್ಳಿಹಾಕಬೇಕು ಅಂದರೆ, ಅಂಚೆಯವರ ವಿಷಯದಲ್ಲಿ ಕಾನೂನು ಬೇಡ ಅನ್ನುವುದು ಇದನ್ನೇ. ದುಡ್ಡು ಕೊಟ್ಟವರಿಗೆ ಬೇಗ, ಕೊಡದವರಿಗೆ ನಿಧಾನ ಆಗಬಾರದು.

ಅಮೆರಿಕದ ಅಂಚೆ ಇಲಾಖೆ, ಅಂದರೆ ಯುಎಸ್‌ಪಿಎಸ್, ಕೇಂದ್ರ ಸರ್ಕಾರದ್ದು. ಅಲ್ಲಿನ ನೌಕರರಿಗೂ ಸರ್ಕಾರಿ ನೌಕರರ ನೀತಿ ನಿಯಮಗಳು ಅನ್ವಯಿಸುತ್ತವೆ. ಆ ನಿಯಮದ ಪ್ರಕಾರ ಒಂದು ಸಂದರ್ಭಕ್ಕೆ 20 ಡಾಲರ್ ಬೆಲೆಯವರೆಗಿನ ವಸ್ತುವನ್ನು ಅವರು ತಗೊಳ್ಳಬಹುದು. ಒಬ್ಬ ಗಿರಾಕಿಯಿಂದ ಒಂದು ವರ್ಷದಲ್ಲಿ ಒಟ್ಟು 50 ಡಾಲರ್ ದಾಟಬಾರದು. ದುಡ್ಡನ್ನು ಮಾತ್ರ ಎಷ್ಟೇ ಚಿಕ್ಕ ಮೊತ್ತವಾದರೂ ಮುಟ್ಟುವ ಹಾಗಿಲ್ಲ. ಒಂದು ಡಾಲರ್ ಕೂಡ. ಚೆಕ್ ಕೂಡ ದುಡ್ಡೇ.

ಗಿಫ್ಟ್ ಕಾರ್ಡ್ ವಿಷಯದಲ್ಲಿ ಜನ ಎಡವುವುದು ಜಾಸ್ತಿ. ಒಂದೇ ಅಂಗಡಿಯಲ್ಲಿ, ಒಂದೇ ಕಾಫಿ ಶಾಪಿನಲ್ಲಿ ನಡೆಯುವ ಕಾರ್ಡ್ ಆದರೆ, 20 ಡಾಲರಿನೊಳಗೆ ಇದ್ದರೆ, ಸರಿ. ವೀಸಾ ಕಾರ್ಡಿನಂತೆ ಎಲ್ಲಿ ಬೇಕಾದರೂ ನಡೆಯುವ ಪ್ರೀಪೇಯ್ಡ್ ಕಾರ್ಡ್ ಆದರೆ ಅದು ನೋಟಿಗೆ ಸಮ. ಕೊಡಬೇಡಿ. ಇನ್ನು ಒಂದು ಕಪ್ ಕಾಫಿ, ಒಂದು ಡೋನಟ್, ಒಂದು ತಣ್ಣನೆಯ ಸೋಡಾ, ಇಂಥ ಸಣ್ಣ ಉಪಚಾರವನ್ನು ನಿಯಮ ಉಡುಗೊರೆ ಅಂತ ಎಣಿಸುವುದೇ ಇಲ್ಲ. ಗ್ರೀಟಿಂಗ್ ಕಾರ್ಡೂ ಹಾಗೇ. ನನ್ನ ಕಾರ್ಡ್ ಒಳಜೇಬಿಗೆ ಹೋಗಿ ನೋಟು ವಾಪಸ್ ಬಂದದ್ದು ಈ ಲೆಕ್ಕದಿಂದಲೇ.

ಈ ಕಟ್ಟುನಿಟ್ಟಿನ ಹಿಂದೆ ಒಂದು ಇತಿಹಾಸ ಇದೆ. 1863ಕ್ಕೆ ಮುಂಚೆ ಅಮೆರಿಕದಲ್ಲಿ ಅಂಚೆ ಚೀಟಿಯ ದುಡ್ಡು ಒಂದು ಅಂಚೆ ಕಚೇರಿಯಿಂದ ಇನ್ನೊಂದು ಅಂಚೆ ಕಚೇರಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ನೀವೇ ಹೋಗಿ ಕಾಗದ ತರಬೇಕು. ಮನೆಗೆ ಬೇಕೆಂದರೆ, ದೊಡ್ಡ ಊರುಗಳಲ್ಲಿ ತಂದುಕೊಡುವವನ ಕೈಗೆ ಕಾಗದಕ್ಕೆ ಒಂದೋ ಎರಡೋ ಸೆಂಟ್ ಕೊಡಬೇಕಿತ್ತು. ಅದೇ ಅವನ ಸಂಪಾದನೆ. ಸಂಬಳ ಇರಲಿಲ್ಲ. 1863ರ ಜುಲೈ 1ರಂದು ಊರುಗಳಲ್ಲಿ ಪುಕ್ಕಟೆ ಬಟವಾಡೆ ಶುರುವಾಯಿತು, ಅಂಚೆಯವನಿಗೆ ಸಂಬಳ ಬಂತು. ಹಳ್ಳಿಗಳಿಗೆ ಈ ಭಾಗ್ಯ 1896ರಿಂದ ಮೆಲ್ಲಗೆ ಬಂತು. ಬಾಗಿಲಲ್ಲಿ ಕೈಗೆ ಕೊಡುವ ಕಾಸು ಒಂದು ಕಾಲದಲ್ಲಿ ಕೂಲಿಯಾಗಿತ್ತು. ಸಂಬಳ ಬಂದ ಮೇಲೆ ಅದೇ ಕಾಸಿನ ಅರ್ಥ ಬದಲಾಯಿತು. ಎದುರು ಮನೆಯ ಮುದುಕಿಗೂ ಪಕ್ಕದ ಬೀದಿಯ ಸಾಹುಕಾರನಿಗೂ ಒಂದೇ ಬೆಲೆಗೆ ಒಂದೇ ಹೊತ್ತಿಗೆ ಕಾಗದ ತಲುಪಬೇಕು ಎಂಬ ಮಾತು ಬಂದಾಗ, ಬಾಗಿಲಿನ ಕಾಸು ಅದಕ್ಕೆ ಅಡ್ಡ ಬರುತ್ತದೆ.

ಆದರೆ ದುಡಿದವರಿಗೆ ಹಬ್ಬಕ್ಕೆ ಏನಾದರೂ ಕೊಡುವ ರೂಢಿ ಅಮೆರಿಕಕ್ಕಿಂತ ಹಳೆಯದು. ಅದರ ಬೇರು ಇಂಗ್ಲೆಂಡಿನ ‘ಕ್ರಿಸ್ಮಸ್ ಬಾಕ್ಸ್’ನಲ್ಲಿದೆ. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಒಂದು ಮಣ್ಣಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಜಾತ್ರೆಯಲ್ಲಿ ಸಿಗುವ ಮಣ್ಣಿನ ಹುಂಡಿಯಂಥದ್ದೇ. ಗಿರಾಕಿಗಳು ಅದಕ್ಕೆ ಚಿಲ್ಲರೆ ಹಾಕುತ್ತಿದ್ದರು. ಹಬ್ಬಕ್ಕೆ ಅದನ್ನು ಒಡೆದು ಹಂಚಿಕೊಳ್ಳುವುದು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1663ರ ಡಿಸೆಂಬರ್ 19ರ ದಿನಚರಿಯಲ್ಲಿ, ಬೂಟು ಮಾಡುವವನ ಬಾಕಿ ತೀರಿಸಿ ಅಲ್ಲಿನ ಹುಡುಗರ ಬಾಕ್ಸಿಗೆ ಕ್ರಿಸ್ಮಸ್‌ಗಾಗಿ ಏನೋ ಹಾಕಿ ಬಂದೆ ಅಂತ ಬರೆದಿಟ್ಟಿದ್ದಾನೆ. ಬರಬರುತ್ತಾ ಆ ಡಬ್ಬಿಯ ಹೆಸರೇ ಇನಾಮಿಗೆ ಹೆಸರಾಯಿತು. ಕ್ರಿಸ್ಮಸ್ ಮರುದಿನ ‘ಬಾಕ್ಸಿಂಗ್ ಡೇ’ ಆಯಿತು. ಕ್ರಿಕೆಟ್ ನೋಡುವ ನಮಗೆ ಈ ಹೆಸರು ಮೆಲ್ಬರ್ನ್ ಟೆಸ್ಟಿನಿಂದ ಗೊತ್ತು, ಅಲ್ವಾ? ಗುದ್ದಾಟದ ಬಾಕ್ಸಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಆಕ್ಸ್‌ಫರ್ಡ್ ನಿಘಂಟು ಈ ದಿನಕ್ಕೆ ಅರ್ಥ ಕೊಡುವಾಗ, ಪೋಸ್ಟ್‌ಮ್ಯಾನ್‌ಗಳು, ಓಡಾಟದ ಹುಡುಗರು, ಆಳುಗಳು ಕ್ರಿಸ್ಮಸ್ ಬಾಕ್ಸ್ ಎದುರುನೋಡುವ ದಿನ ಎಂದು ಹೇಳುತ್ತದೆ. ಆ ಪಟ್ಟಿಯಲ್ಲಿ ಮೊದಲು ನಿಂತವನು ಪೋಸ್ಟ್‌ಮ್ಯಾನ್.

19ನೇ ಶತಮಾನದಲ್ಲಿ ಲಂಡನ್ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರನ್ನು ಪ್ರೀತಿಯಿಂದ ‘ರಾಬಿನ್’ ಎನ್ನುತ್ತಿದ್ದರು. ರಾಬಿನ್ ಎದೆ ಕೆಂಪಗಿರುವ ಪುಟ್ಟ ಹಕ್ಕಿ. ಕ್ರಿಸ್ಮಸ್ ಕಾರ್ಡುಗಳ ಮೇಲೆ ಇವತ್ತಿಗೂ ಆ ಹಕ್ಕಿಯ ಚಿತ್ರ ಬರುತ್ತದೆ. ಹಳೆಯ ಕೆಲವು ಕಾರ್ಡುಗಳಲ್ಲಿ ಅದರ ಕೊಕ್ಕಿನಲ್ಲಿ ಒಂದು ಕಾಗದವೂ ಇರುತ್ತದೆ. ನಮ್ಮ ಕನ್ನಡದಲ್ಲಿ ‘ಅಂಚೆ’ ಅಂದರೆ ಟಪಾಲೂ ಹೌದು, ಹಂಸವೂ ಹೌದು. ಎರಡು ಕಡೆಯೂ ಕಾಗದದ ಪಕ್ಕದಲ್ಲಿ ಒಂದು ಹಕ್ಕಿ ಬಂದು ಕೂತಿರುವುದು ನನಗೆ ತುಂಬಾ ಇಷ್ಟವಾದ ವಿಷಯ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಾಲಿಡೇ ಟಿಪ್‌ಗೆ ಕನ್ನಡದಲ್ಲಿ ಏನನ್ನೋದು?

ಥಟ್ಟನೆ ಬಾಯಿಗೆ ಬರುವುದು ‘ಇನಾಮು’. ಆಯುಧಪೂಜೆ, ದೀಪಾವಳಿ ಬಂದರೆ ಬಾಗಿಲಿಗೆ ಬಂದು ‘ಹಬ್ಬದ ಇನಾಮು’ ಕೇಳುವವರನ್ನು ನಾವೆಲ್ಲ ನೋಡಿದ್ದೇವೆ. ಪೋಸ್ಟ್‌ಮ್ಯಾನ್, ಲೈನ್‌ಮ್ಯಾನ್, ರಾತ್ರಿ ಸೀಟಿ ಊದುವ ಗೂರ್ಖಾ. ಮುಂಬಯಿಯಲ್ಲಿ ಬೆಳೆದ ಕನ್ನಡಿಗರಿಗೆ ‘ದಿವಾಳಿ ಪೋಸ್ತ’ ಗೊತ್ತಿರುತ್ತದೆ. ದೀಪಾವಳಿ ಇನಾಮಿಗೆ ಮರಾಠಿಯವರು ಹೇಳುವ ಮಾತು ಅದು. ಆದರೆ ಇನಾಮು ಅರಬ್ಬಿಯಿಂದ ಬಂದ ಪದ. ದೊರೆ ಮೆಚ್ಚಿ ಕೊಡುವುದು ಇನಾಮು. ಅದರಿಂದಲೇ ಇನಾಮು ಭೂಮಿ, ಅದರಿಂದಲೇ ಇನಾಮದಾರ. ಮೈಸೂರಿನಲ್ಲಿ ಇನಾಮು ರದ್ದತಿಗೆ 1954ರಲ್ಲಿ ಕಾನೂನೇ ಬರಬೇಕಾಯಿತು. ಈ ಪದದಲ್ಲಿ ಕೊಡುವವನು ಮೇಲೆ ಕೂತಿರುತ್ತಾನೆ, ತಗೊಳ್ಳುವವನು ಕೆಳಗೆ ನಿಂತಿರುತ್ತಾನೆ. ‘ಭಕ್ಷೀಸು’ ಪಾರ್ಸಿಯದು, ಅದರ ಗುಣವೂ ಹೆಚ್ಚುಕಮ್ಮಿ ಅದೇ.

‘ಖುಷಿ’ ಇನ್ನೂ ಸೂಕ್ಷ್ಮ. ‘ಏನಾದ್ರೂ ಖುಷಿಗೆ ಕೊಡಿ ಸ್ವಾಮಿ’ ಎನ್ನುತ್ತಾರೆ. ಕೊಡುವವನ ಖುಷಿ ಅಂತ ಮೂಲ ಅರ್ಥ. ನನ್ನ ಅಜ್ಜಿಗೆ ತಿಂಗಳ ಪಿಂಚಣಿ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. ತಂದವರು ನೋಟು ಎಣಿಸಿ ಕೊಡುವಾಗ ಕೊನೆಯ ಹತ್ತು ರೂಪಾಯಿಯನ್ನು ಬೆರಳ ಸಂದಿಯಲ್ಲೇ ಹಿಡಿದುಕೊಂಡು ಅಜ್ಜಿಯ ಮುಖ ನೋಡುತ್ತಿದ್ದರು. ಅಜ್ಜಿ ‘ಇರಲಿ ಬಿಡಪ್ಪ’ ಅನ್ನುತ್ತಿದ್ದಳು. ಅದರ ಹೆಸರೂ ಖುಷಿಯೇ. ಆದರೆ ಅಜ್ಜಿಗೆ ಆ ಹತ್ತು ರೂಪಾಯಿಯ ಲೆಕ್ಕ ಇಡೀ ತಿಂಗಳು ನೆನಪಿರುತ್ತಿತ್ತು. ಮೊದಲೇ ಹಿಡಿದುಕೊಂಡದ್ದು ಖುಷಿ ಆಗುವುದಿಲ್ಲ. ಅಮೆರಿಕದ ನಿಯಮ ನೋಟನ್ನೇ ಹೊರಗಿಟ್ಟದ್ದು ಯಾಕೆ ಅಂತ ನನಗೆ ಪೂರ್ತಿ ಅರ್ಥವಾದದ್ದು ಆ ಬೆರಳ ಸಂದಿ ನೆನಪಾದಾಗ. ನಮ್ಮಲ್ಲೂ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಉಡುಗೊರೆಗೆಂದೇ ಒಂದು ನಿಯಮ ಇದೆ, 13ನೆಯದು. ನಿಯಮ ಇಲ್ಲ ಅಂತಲ್ಲ.

ಆದರೆ ಇದೇ ಅಜ್ಜಿ ಸಂಕ್ರಾಂತಿಯ ದಿನ ಬೇರೆಯೇ ಆಗಿರುತ್ತಿದ್ದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಬೆರೆಸಿದ ಪೊಟ್ಟಣಗಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಎಲ್ಲ ಜೋಡಿಸಿಟ್ಟು, ಅಂಚೆಯವರ ಸೈಕಲ್ ಬೆಲ್ ಕೇಳಿದ ಕೂಡಲೇ ತಾನೇ ಹೊರಗೆ ಬರುತ್ತಿದ್ದಳು. ಅವರ ಖಾಕಿ ಚೀಲಕ್ಕೆ ಒಂದು ಪೊಟ್ಟಣ, ಅವರ ಮಗಳಿಗೆ ಅಂತ ಒಂದು ಸಕ್ಕರೆ ಅಚ್ಚು. ಅವರೂ ಸುಮ್ನೆ ಹೋಗುತ್ತಿರಲಿಲ್ಲ, ಮೆಟ್ಟಿಲ ಮೇಲೆ ಎರಡು ನಿಮಿಷ ಕೂರುತ್ತಿದ್ದರು. ಆವತ್ತು ಯಾರ ಕೈಯೂ ಮೇಲಲ್ಲ, ಯಾರ ಕೈಯೂ ಕೆಳಗಲ್ಲ. ಅದಕ್ಕೆ ಹೆಸರು ‘ಎಳ್ಳು ಬೀರುವುದು’.

ನನ್ನ ಮಟ್ಟಿಗೆ ಅಂಚೆಯವರಿಗೆ ಕೊಡುವ ಹಾಲಿಡೇ ಟಿಪ್‌ಗೆ ಹತ್ತಿರದ ಕನ್ನಡ ಈ ‘ಬೀರುವುದು’. ಇನಾಮು ಅಲ್ಲ. ಬೀರುವುದರಲ್ಲಿ ದುಡ್ಡಿಲ್ಲ, ಕೇಳುವುದಿಲ್ಲ, ಬೆಲೆ ಕಟ್ಟುವುದಿಲ್ಲ. ಇಪ್ಪತ್ತು ಡಾಲರಿನ ಮಿತಿ ಹಾಕಿ ಅಮೆರಿಕದ ಕಾನೂನು ಉಳಿಸಿಕೊಂಡಿರುವುದೂ ಹೆಚ್ಚುಕಮ್ಮಿ ಇಷ್ಟನ್ನೇ.

ಹಾಗಾದರೆ ಏನು ಕೊಡಬಹುದು? ಕೈಯಲ್ಲಿ ಬರೆದ ಕಾರ್ಡ್ ಮೊದಲು. ಜೊತೆಗೆ ಹತ್ತೋ ಹದಿನೈದೋ ಡಾಲರಿನ ಕಾಫಿ ಕಾರ್ಡ್, ಒಳ್ಳೆಯ ಉಣ್ಣೆ ಗವುಸು, ಕೈ ಬಿಸಿ ಮಾಡುವ ಪುಟ್ಟ ಪೊಟ್ಟಣಗಳು. ಮನೆಯಲ್ಲಿ ಮಾಡಿದ ತಿಂಡಿಗಿಂತ ಅಂಗಡಿಯ ಮುಚ್ಚಿದ ಡಬ್ಬಿ ವಾಸಿ. ಅದರಲ್ಲಿ ಏನೇನಿದೆ ಅಂತ ಬರೆದಿರುತ್ತದೆ, ಕಡಲೆಬೀಜ ಒಗ್ಗದವರು ಇಲ್ಲಿ ಜಾಸ್ತಿ. ಅಂಚೆ ಕಚೇರಿಯ ಮುಖ್ಯಸ್ಥರಿಗೆ ಇವರ ಹೆಸರು ಹೇಳಿ ಒಂದು ಮೆಚ್ಚುಗೆ ಪತ್ರ ಬರೆಯಬಹುದು. ಅದಕ್ಕೆ ಯಾವ ಮಿತಿಯೂ ಇಲ್ಲ. ಡಿಸೆಂಬರ್‌ಗೇ ಕಾಯಬೇಕಿಲ್ಲ ಕೂಡ. ಬಲಗಡೆ ಸ್ಟೀರಿಂಗ್ ಇರುವ ಆ ಬಿಳಿ ಡಬ್ಬಿಯಂಥ ಹಳೆಯ ಗಾಡಿಗಳನ್ನು 1994ರವರೆಗೆ ತಯಾರಿಸಿದರು. ಅವು ಈಗಲೂ ಓಡುತ್ತಿವೆ. ಅವುಗಳಲ್ಲಿ ಎಸಿ ಇಲ್ಲ. ಜುಲೈ ತಿಂಗಳ ಬಿಸಿಲಿನಲ್ಲಿ ಫ್ರಿಜ್‌ನಿಂದ ತೆಗೆದ ಒಂದು ನೀರಿನ ಬಾಟಲಿ ಕೊಟ್ಟು ನೋಡಿ. ಯುಪಿಎಸ್, ಫೆಡ್ಎಕ್ಸ್, ಅಮೆಜಾನ್ ಗಾಡಿಯವರು ಸರ್ಕಾರಿ ನೌಕರರಲ್ಲ, ಈ ಡಾಲರ್ ಲೆಕ್ಕ ಅವರಿಗಲ್ಲ.

ನಮ್ಮಂಥವರಿಗೆ ಇನ್ನೊಂದು ಋಣವೂ ಇದೆ. ಊರಿನ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದ ಪಾರ್ಸೆಲ್ ಅಮೆರಿಕದಲ್ಲಿ ಯುಎಸ್‌ಪಿಎಸ್ ಕೈಗೆ ಬರುತ್ತದೆ. ಅಮ್ಮ ಬಟ್ಟೆಯಲ್ಲಿ ಹೊಲಿದು, ಅರಗು ಹಾಕಿ ಕಳಿಸಿದ ಚಟ್ನಿಪುಡಿಯನ್ನು ಬಾಗಿಲಿಗೆ ತಂದವರು ಅದೇ ಗವುಸಿನ ಹೆಂಗಸು. ಮೊದಲ ಸಲ ನಾನು ಮನೆಯಲ್ಲಿರಲಿಲ್ಲ. ಬಾಗಿಲಿಗೆ ಪೀಚ್ ಬಣ್ಣದ ಚೀಟಿ ಅಂಟಿಸಿ ಹೋಗಿದ್ದರು. ಮರುದಿನ ಮತ್ತೆ ಬಂದು ಬೆಲ್ ಮಾಡಿದರು.

ಹೋದ ವಸಂತದಲ್ಲಿ ಅವರು ನಿವೃತ್ತರಾದರು. ಈಗ ನಮ್ಮ ಬೀದಿಗೆ ಒಬ್ಬ ಹುಡುಗ ಬರುತ್ತಾನೆ, ಕಿವಿಗೆ ಹಾಡು ಹಾಕಿಕೊಂಡು ಬೇಗ ಬೇಗ ನಡೆಯುತ್ತಾನೆ. ಅವನ ಹೆಸರು ನಾನಿನ್ನೂ ಕೇಳಿಲ್ಲ. ಕಾರ್ಡ್ ತಂದಿಟ್ಟಿದ್ದೇನೆ. ಬರೆಯುವ ಮುಂಚೆ ಹೆಸರು ಕೇಳಬೇಕು.