ಡಬ್ಬಿಯ ನಿಯಮ ಎಲ್ಲಿಂದ ಬಂತು?

ಜೂನ್‌ನಲ್ಲಿ ಹೊಸ ಪುಸ್ತಕಗಳ ಜೊತೆ ಶಾಲೆಯ ಡೈರಿಯೂ ಮನೆಗೆ ಬರುತ್ತದೆ. ನನ್ನ ಮಗಳ ಡೈರಿಯ ಏಳನೇ ಪುಟದಲ್ಲಿ ಊಟದ ಡಬ್ಬಿಗೆ ಅಂತಲೇ ಒಂದು ಚೌಕ ಇದೆ. ಚಿಪ್ಸ್, ನೂಡಲ್ಸ್ ಬೇಡ. ಹುಟ್ಟುಹಬ್ಬದ ದಿನವೂ ಕೇಕ್, ಚಾಕೊಲೇಟ್ ಬೇಡ. ಪ್ಲಾಸ್ಟಿಕ್ ಡಬ್ಬಿ ಬೇಡ, ಸ್ಟೀಲಿನದು ಇರಲಿ. ಅದೇ ಸಾಲಿನ ಕೊನೆಗೆ: ಮೊಟ್ಟೆ, ಮಾಂಸ ಬೇಡ. ಯಾವುದಕ್ಕೂ ಕಾರಣ ಬರೆದಿಲ್ಲ.

ಕಳೆದ ವರ್ಷ ಒಂದು ಬುಧವಾರ ಬೆಳಿಗ್ಗೆ ಏಳಲು ತಡವಾಯಿತು. ಬಸ್ಸು ಏಳೂ ಕಾಲಿಗೆ. ರಾತ್ರಿಯ ಅನ್ನ ಇತ್ತು, ಎರಡು ಮೊಟ್ಟೆ ಒಡೆದು ಹಾಕಿ ಎಗ್ ರೈಸ್ ಮಾಡಿ ಡಬ್ಬಿಗೆ ತುಂಬಿದೆ. ಏಳನೇ ಪುಟ ನೆನಪಿಗೇ ಬರಲಿಲ್ಲ. ಸಂಜೆ ಡಬ್ಬಿ ಹಾಗೇ ವಾಪಸ್ ಬಂತು. ಮುಚ್ಚಳ ತೆಗೆದರೆ ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು, ಮೇಲೆ ಒಂದು ಚಮಚದ ಗುರುತೂ ಇರಲಿಲ್ಲ. ಮಿಸ್ಸು 'ಮುಚ್ಚಿಡು' ಅಂದರಂತೆ. ಪಕ್ಕದಲ್ಲಿ ಕೂತ ಹುಡುಗಿ ತನ್ನ ಎರಡು ಇಡ್ಲಿ ಕೊಟ್ಟಳಂತೆ. ಶೂ ಬಿಚ್ಚುತ್ತಾ ಮಗಳು ಕೇಳಿದ್ದು ಒಂದೇ ಪ್ರಶ್ನೆ: 'ಅಮ್ಮಾ, ನಾವು ಕೆಟ್ಟದ್ದು ತಿಂತೀವಾ?'

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚಿಪ್ಸ್ 'ಕೆಟ್ಟದ್ದು' ಅಂತ ಅವಳಿಗೆ ನಾವೇ ಹೇಳಿಕೊಟ್ಟಿದ್ದೇವೆ. ಮೊಟ್ಟೆಯೂ ಅದೇ ಸಾಲಿನಲ್ಲಿ ಇದ್ದರೆ ಮಗು ಬೇರೆ ಏನು ತಿಳಿಯಬೇಕು? ಆದರೆ ಈ ಎರಡು ನಿಯಮಗಳು ಒಂದೇ ದಾರಿಯಲ್ಲಿ ಬಂದವಲ್ಲ. ಒಂದರ ಹಿಂದೆ ಹತ್ತು ವರ್ಷದ ವಾದ ಇದೆ, ಕೋರ್ಟು ಇದೆ, ಕಾನೂನು ಇದೆ. ಇನ್ನೊಂದರ ಹಿಂದೆ ಶಾಲೆಯ ಒಂದು ಸುತ್ತೋಲೆ ಬಿಟ್ಟರೆ ಏನೂ ಇಲ್ಲ.

ನಾನು ಗದಗಿನ ಕಡೆಯವಳು. ನಾವು ಶಾಲೆಗೆ ಹೋಗುವಾಗ ಬುತ್ತಿ ಅಂದರೆ ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಇದ್ದರೆ ಒಂದು ಉಳ್ಳಾಗಡ್ಡಿ. ಅದಕ್ಕೆ ನಿಯಮ ಮಾಡುವ ಯೋಚನೆ ಯಾವ ಮಾಸ್ತರಿಗೂ ಬಂದಿರಲಿಲ್ಲ. ಮನೆಯಲ್ಲಿ ಇದ್ದದ್ದೇ ಬುತ್ತಿಗೆ ಬರುತ್ತಿತ್ತು. ಡಬ್ಬಿಗೆ ನಿಯಮ ಬೇಕಾದದ್ದು ಅಂಗಡಿಯ ಪೊಟ್ಟಣ ಅದರೊಳಗೆ ಸೇರಿದ ಮೇಲೆ. ಐದು ರೂಪಾಯಿಗೆ, ಹತ್ತು ರೂಪಾಯಿಗೆ ಸಿಗುವ ಪೊಟ್ಟಣ. ಏಳು ಗಂಟೆಗೆ ಬಸ್ಸು, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಪೊಟ್ಟಣ ಹಾಕಿ ಕಳಿಸಿದವರನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ, ನಾನೂ ಹಾಕಿದ್ದೇನೆ.

ಈ ಪೊಟ್ಟಣದ ವಿಚಾರ ಮೊದಲು ಕೋರ್ಟಿಗೆ ಹೋದದ್ದು 2010ರಲ್ಲಿ. ಉದಯ್ ಫೌಂಡೇಶನ್ ಎಂಬ ಸಂಸ್ಥೆ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಶಾಲೆಗಳ ಒಳಗೆ ಮತ್ತು ಸುತ್ತ 1,500 ಅಡಿಯೊಳಗೆ ಜಂಕ್ ಫುಡ್, ಸೋಡಾ ಪಾನೀಯ ಮಾರಬಾರದು ಅನ್ನುವುದು ಕೋರಿಕೆ. ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಕೇಸು ಐದು ವರ್ಷ ನಡೆಯಿತು. ಜಂಕ್ ಫುಡ್ ಅಂದರೆ ಏನು ಅನ್ನುವುದೇ ದೊಡ್ಡ ಜಗಳ. ಸಮೋಸ ಜಂಕ್ ಹೌದೋ ಅಲ್ಲವೋ? ಮನೆಯಲ್ಲಿ ಕರಿದ ಬೋಂಡಾ? ಕೊನೆಗೆ ಆ ಪದವನ್ನೇ ಪಕ್ಕಕ್ಕಿಟ್ಟು, ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ಆಹಾರ ಎಂದು ಕರೆಯುವ ರೂಢಿ ಬಂತು. ಇದು ಒಳ್ಳೆಯ ಬದಲಾವಣೆ. ಯಾರು ತಿನ್ನುತ್ತಾರೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಒಳಗೆ ಏನಿದೆ ಅನ್ನುವುದಷ್ಟೇ ಲೆಕ್ಕ.

ಮಾರ್ಚ್ 2015ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ತಯಾರಿಸಿದ್ದ ಮಾರ್ಗಸೂಚಿಗೆ ಕಾನೂನಿನ ಬಲ ಕೊಡಿ ಎಂದಿತು. ಜನವರಿ 2016ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು: ಕ್ಯಾಂಟೀನಿನಲ್ಲಿ ಇಂಥ ತಿಂಡಿ ಇರಬಾರದು, 200 ಮೀಟರ್ ಸುತ್ತಲಲ್ಲೂ ಸಿಗದಂತೆ ನೋಡಿಕೊಳ್ಳಿ. ಇಡೀ ದೇಶಕ್ಕೆ ಅನ್ವಯಿಸುವ ಎಫ್‌ಎಸ್‌ಎಸ್‌ಎಐ ನಿಯಮ ಹೊರಬಿದ್ದದ್ದು ಸೆಪ್ಟೆಂಬರ್ 2020ರಲ್ಲಿ. ಶಾಲೆಯ ಕ್ಯಾಂಟೀನ್, ಮೆಸ್, ಹಾಸ್ಟೆಲ್ ಅಡುಗೆಮನೆಯಲ್ಲಿ, ಶಾಲೆಯ ಗೇಟಿನಿಂದ ಎಲ್ಲ ದಿಕ್ಕಿಗೂ 50 ಮೀಟರ್‌ವರೆಗೆ ಇಂಥ ಆಹಾರ ಮಾರುವಂತಿಲ್ಲ. ಜಾಹೀರಾತೂ ಇಲ್ಲ.

1,500 ಅಡಿ ಕೇಳಿದ್ದು 50 ಮೀಟರಿಗೆ ಇಳಿಯಿತು. ನಮ್ಮ ಶಾಲೆಯ ಗೇಟಿನಿಂದ 50 ಮೀಟರ್ ಅಂದರೆ ಮೂಲೆಯ ಝೆರಾಕ್ಸ್ ಅಂಗಡಿಯವರೆಗೆ. ಅದರ ಪಕ್ಕದ ಬೇಕರಿಗೆ ಈ ನಿಯಮ ಮುಟ್ಟುವುದೇ ಇಲ್ಲ. ಮಗು ಅಷ್ಟು ದೂರ ಅರ್ಧ ನಿಮಿಷದಲ್ಲಿ ಓಡುತ್ತದೆ.

ಇಷ್ಟೆಲ್ಲ ನಿಯಮಗಳಲ್ಲಿ ಇರುವ ಕ್ರಿಯಾಪದ 'ಮಾರುವುದು'. 'ತರುವುದು' ಅಲ್ಲ. ಮನೆಯಿಂದ ತರುವ ಡಬ್ಬಿಯೊಳಕ್ಕೆ ಆ ಕಾನೂನು ಕೈ ಹಾಕಿಲ್ಲ. ಡಬ್ಬಿಯ ವಿಚಾರವನ್ನು ಶಾಲೆಗಳು ತಾವೇ ಕೈಗೆತ್ತಿಕೊಂಡವು. ಕ್ಯಾಂಟೀನಿನಲ್ಲಿ ಚಿಪ್ಸ್ ನಿಲ್ಲಿಸಿ ಡಬ್ಬಿಯಲ್ಲಿ ಬಿಟ್ಟರೆ ಏನು ಪ್ರಯೋಜನ ಅನ್ನುವ ಮಾತು ಸರಿಯಾದದ್ದೇ. ಇಂಗ್ಲೆಂಡಿನಲ್ಲೂ ಇದೇ ತೊಡಕು. ಅಲ್ಲಿ ಶಾಲೆ ಬಡಿಸುವ ಊಟಕ್ಕೆ ಸರ್ಕಾರದ ಮಾನದಂಡ ಇದೆ, ಮನೆಯ ಡಬ್ಬಿಗೆ ಇಲ್ಲ. ಲೀಡ್ಸ್ ವಿಶ್ವವಿದ್ಯಾಲಯದವರು ಪ್ರಾಥಮಿಕ ಶಾಲೆಯ ಮಕ್ಕಳ ಡಬ್ಬಿಗಳನ್ನು 2006ರಲ್ಲಿ ಒಮ್ಮೆ, ಹತ್ತು ವರ್ಷ ಬಿಟ್ಟು ಮತ್ತೊಮ್ಮೆ ನೋಡಿದರು. ಶಾಲೆಯ ಊಟದ ಮಾನದಂಡ ಮುಟ್ಟಿದ ಡಬ್ಬಿ ಎರಡೂ ಸಲ ನೂರಕ್ಕೆ ಎರಡೂ ಇರಲಿಲ್ಲ.

ಈಚಿನ ಹೆಜ್ಜೆ ಸಿಬಿಎಸ್‌ಇಯ ಸಕ್ಕರೆ ಫಲಕ. ಮೇ 2025ರ ಸುತ್ತೋಲೆ ಅದು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳಿಗೆ ಕಾಣುವ ಹಾಗೆ ಫಲಕ ಹಾಕಿ ಎಂದು ಹೇಳಿತು. 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ಶೇ. 13 ಸಕ್ಕರೆಯಿಂದ ಬರುತ್ತಿದೆ, ಇರಬೇಕಾದದ್ದು ಶೇ. 5 ಎಂದು ಕಾರಣವನ್ನೂ ಕೊಟ್ಟಿತು. ನನಗೆ ಇಷ್ಟವಾದದ್ದು ಇದೇ. ಬೇಡ ಅನ್ನುವುದರ ಜೊತೆ ಯಾಕೆ ಬೇಡ ಅಂತಲೂ ಹೇಳಿತು. ಮಗಳು ಆ ಫಲಕ ನೋಡಿ ಬಂದು ತಾನಾಗಿಯೇ ಜ್ಯೂಸ್ ಪೊಟ್ಟಣ ಬಿಟ್ಟಳು.

ಈಗ ಮೊಟ್ಟೆಗೆ ಬರೋಣ. ಮೊಟ್ಟೆ ತರಬಾರದು ಎಂದು ಈ ಯಾವ ನಿಯಮವೂ ಹೇಳಿಲ್ಲ. ಕೊಬ್ಬು, ಉಪ್ಪು, ಸಕ್ಕರೆಯ ಪಟ್ಟಿಗೆ ಬೇಯಿಸಿದ ಮೊಟ್ಟೆ ಬರುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಹಾಗಾದರೆ ಅದು ಏಳನೇ ಪುಟಕ್ಕೆ ಬಂದದ್ದು ಹೇಗೆ?

ಶಾಲೆಗಳು ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತವೆ. ಆಗಸ್ಟ್ 2024ರಲ್ಲಿ ನೊಯ್ಡಾದ ಒಂದು ಖಾಸಗಿ ಶಾಲೆ ಮಾಂಸಾಹಾರ ಕಳಿಸಬೇಡಿ ಎಂದು ಪೋಷಕರನ್ನು ಕೋರಿದಾಗ ಎರಡನ್ನೂ ಹೇಳಿತ್ತು. ಬೆಳಿಗ್ಗೆ ಮಾಡಿದ ಮಾಂಸ ಮಧ್ಯಾಹ್ನಕ್ಕೆ ಕೆಡಬಹುದು. ಒಟ್ಟಿಗೆ ಕೂತು ತಿನ್ನುವಾಗ ಎಲ್ಲರಿಗೂ ಹಿತವಾಗಿರಬೇಕು. ಮೊದಲ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ, ಏಪ್ರಿಲ್ ಬಿಸಿಲಲ್ಲಿ ಕೋಳಿ ಸಾರು ಕಳಿಸಲು ನನಗೂ ಭಯ. ಆದರೆ ಅದೇ ಬಿಸಿಲಿಗೆ ಪನೀರ್, ತೆಂಗಿನಕಾಯಿ ಚಟ್ನಿಯೂ ಹಳಸುತ್ತದೆ. ಅವು ಯಾವ ಪಟ್ಟಿಯಲ್ಲೂ ಇಲ್ಲ. ಎರಡನೆಯ ಕಾರಣದಲ್ಲಿ 'ಎಲ್ಲರಿಗೂ' ಅನ್ನುವ ಪದ ನನ್ನನ್ನು ಕಾಡುತ್ತದೆ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಮೊಟ್ಟೆಯೋ ಮೀನೋ ಮಾಂಸವೋ ಬೇಯುತ್ತದೆ. ಆ ಮಕ್ಕಳ ಹಿತ ಈ ಲೆಕ್ಕದಲ್ಲಿ ಸೇರಲಿಲ್ಲ ಅಲ್ವಾ?

ಮರು ತಿಂಗಳೇ ಉತ್ತರ ಪ್ರದೇಶದ ಅಮ್ರೋಹದಿಂದ ಒಂದು ವಿಡಿಯೊ ಹೊರಬಂತು. ಡಬ್ಬಿಯಲ್ಲಿ ಮಾಂಸಾಹಾರ ತಂದ ಅಂತ ಏಳು ವರ್ಷದ ಮಗನನ್ನು ಶಾಲೆಯಿಂದ ತೆಗೆದರು ಎಂದು ತಾಯಿ ಪ್ರಾಂಶುಪಾಲರ ಜೊತೆ ವಾದಿಸುತ್ತಿದ್ದರು. ವಿಷಯ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಕೋರ್ಟು, ಆ ತಾಯಿಯ ಮಕ್ಕಳಿಗೆ ಬೇರೆ ಶಾಲೆಯಲ್ಲಿ ಸೀಟು ಕೊಡಿಸಿ ಎಂದು ಜಿಲ್ಲಾಧಿಕಾರಿಗೆ ಸೂಚಿಸಿತು. ಒಂದು ಡಬ್ಬಿ ಊಟ ಅಲ್ಲಿಗೆ ಮುಟ್ಟಿತು.

ನಮ್ಮಲ್ಲಿ ಇದೇ ವರ್ಷಗಳಲ್ಲಿ ಸರ್ಕಾರಿ ಶಾಲೆಗಳು ಬೇರೆ ದಾರಿ ಹಿಡಿದಿದ್ದವು. ಅಕ್ಷರ ದಾಸೋಹ 2002ರಲ್ಲಿ ಶುರುವಾದಾಗ ತಟ್ಟೆಯಲ್ಲಿ ಇದ್ದದ್ದು ಅನ್ನ, ಸಾಂಬಾರು. ಮೊಟ್ಟೆಯ ಮಾತು ಎದ್ದಾಗಲೆಲ್ಲ ವಿರೋಧ ಬರುತ್ತಿತ್ತು. ಡಿಸೆಂಬರ್ 2021ರಲ್ಲಿ ಅಪೌಷ್ಟಿಕತೆ ಜಾಸ್ತಿ ಇದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ, ಮೊಟ್ಟೆ ಕೊಡಲು ಶುರು ಮಾಡಿದರು. ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕು ಎಂದು ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟಳು. ಆ ವಿಡಿಯೊ ನಾಡೆಲ್ಲ ನೋಡಿತು.

ಆಮೇಲೆ ಲೆಕ್ಕ ಹಾಕಿದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗಿನ ಮಕ್ಕಳ ಜೊತೆ ಹೋಲಿಸಿತು. ಯಾದಗಿರಿಯ ಮಕ್ಕಳು ತೂಕದಲ್ಲಿ ಮುಂದೆ ಹೋದರು, ಎಂಟನೇ ತರಗತಿಯ ಹುಡುಗಿಯರು ಎಲ್ಲರಿಗಿಂತ ಜಾಸ್ತಿ. ಹಿಂದೆ ಉಳಿದದ್ದು ನನ್ನ ಜಿಲ್ಲೆಯ ಮಕ್ಕಳು. ಓದಿದ ದಿನ ನನಗೆ ಸಂಕಟವಾಯಿತು. 2023ರಲ್ಲಿ ವಾರಕ್ಕೆ ಎರಡು ಮೊಟ್ಟೆಯಾಯಿತು. ಸೆಪ್ಟೆಂಬರ್ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ. ಮೊಟ್ಟೆ ತಿನ್ನದವರಿಗೆ ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ಮಾತ್ರ 2025ರಲ್ಲಿ ನಿಲ್ಲಿಸಿದರು. ಅದಕ್ಕೂ ಕಾರಣ ಕೊಟ್ಟರು: ಕೊಬ್ಬು, ಸಕ್ಕರೆ ಜಾಸ್ತಿ.

ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಗು, ತಿನ್ನದ ಮಗು ಒಂದೇ ಸಾಲಿನಲ್ಲಿ ಕೂರುತ್ತವೆ. ಒಬ್ಬರ ತಟ್ಟೆಯಲ್ಲಿ ಮೊಟ್ಟೆ, ಇನ್ನೊಬ್ಬರ ಕೈಯಲ್ಲಿ ಬಾಳೆಹಣ್ಣು. ನಮ್ಮ ಶಾಲೆಯಲ್ಲಿ ಇದು ಯಾಕೆ ಆಗದು ಅಂತ ಪೋಷಕರ ಸಭೆಯಲ್ಲಿ ಕೇಳಿದೆ. ಚಿಪ್ಸ್ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಮೊಟ್ಟೆಯನ್ನು ಆ ಸಾಲಿನಿಂದ ತೆಗೆಯಿರಿ, ತೆಗೆಯಲಾಗದಿದ್ದರೆ ಕಾರಣವನ್ನಾದರೂ ಬರೆಯಿರಿ ಎಂದೆ. ಇಬ್ಬರು ಅಮ್ಮಂದಿರು ನನ್ನ ಜೊತೆ ಎದ್ದು ನಿಂತರು. ಒಬ್ಬರು, ಅವರ ಮನೆಯಲ್ಲಿ ಮೊಟ್ಟೆ ತರುವುದೇ ಇಲ್ಲ, 'ನನ್ನ ಮಗಳೇ ಅವತ್ತು ಇಡ್ಲಿ ಕೊಟ್ಟಿದ್ದು' ಎಂದರು. ಮ್ಯಾನೇಜ್‌ಮೆಂಟಿಗೆ ತಿಳಿಸುತ್ತೇವೆ ಎಂದು ಪ್ರಿನ್ಸಿಪಾಲರು ಬರೆದುಕೊಂಡರು.

ಈ ಜೂನ್‌ನ ಡೈರಿ ಬಂದಿದೆ. ಏಳನೇ ಪುಟ ಹಾಗೇ ಇದೆ. ಮಗಳು ಬೆಳಿಗ್ಗೆ ಆರೂ ಮುಕ್ಕಾಲಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಉಪ್ಪು ಮೆಣಸಿನಪುಡಿ ಉದುರಿಸಿಕೊಂಡು ಬೇಯಿಸಿದ ಮೊಟ್ಟೆ ತಿನ್ನುತ್ತಾಳೆ. ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತೇನೆ, ಪಕ್ಕದ ಹುಡುಗಿಗೂ ಸೇರಿಸಿ.